ಕಿರುಚುವುದನ್ನು ಬಿಟ್ಟ ಮೇಲಿನ ರಾಬರ್ಟ್ ಪ್ಲ್ಯಾಂಟ್

ನಮಸ್ಕಾರರೀ ಎಲ್ಲರಿಗೂ. ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್ ಕೇಳುವವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆಯೇನಿಲ್ಲ. ಆದರೆ ಅವರಲ್ಲಿ ಬಹಳ ಜನರಿಗೆ, ಆ ಬ್ಯಾಂಡ್‌ನಲ್ಲಿ ಎತ್ತರದ ದನಿಯಲ್ಲಿ ಕಿರುಚಿ ಹಾಡುತ್ತಿದ್ದ ರಾಬರ್ಟ್ ಪ್ಲ್ಯಾಂಟ್ ಅಂದರೆ 1980ಕ್ಕೇ ಮುಗಿದ ಕಥೆ. ನಾನು ಒಪ್ಪುವುದಿಲ್ಲ. ಹಾಡುಗಾರನಾಗಿ ಅವನು ನಿಜವಾಗಿ ಶುರುವಾಗಿದ್ದೇ 1983ರಲ್ಲಿ, ಎರಡನೇ ಸೋಲೋ ಆಲ್ಬಂ 'ದಿ ಪ್ರಿನ್ಸಿಪಲ್ ಆಫ್ ಮೊಮೆಂಟ್ಸ್' ಬಂದಾಗ. ಬೈಯುವವರು ಬೈಯಿರಿ, ಆದರೆ ಪೂರ್ತಿ ಕೇಳಿ ಆಮೇಲೆ ಬೈಯಿರಿ.

1980ರ ಸೆಪ್ಟೆಂಬರ್‌ನಲ್ಲಿ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡ. ಅದೇ ಡಿಸೆಂಬರ್‌ನಲ್ಲಿ ಬ್ಯಾಂಡ್ ಮುಚ್ಚಿತು. 1982ರಲ್ಲಿ ಪ್ಲ್ಯಾಂಟ್‌ನ ಮೊದಲ ಸೋಲೋ ಬಂತು. ಚೆನ್ನಾಗಿಯೇ ಇದೆ, ಆದರೆ ಬಂದದ್ದು ಹಳೇ ಬ್ಯಾಂಡ್‌ನದೇ ಸ್ವಾನ್ ಸಾಂಗ್ ಲೇಬಲ್‌ನಲ್ಲಿ. ಮನೆ ಬಿಟ್ಟು ಹೊರಟವನು ಹಿತ್ತಲಲ್ಲೇ ನಿಂತ ಹಾಗೆ. ಎರಡನೆಯದಕ್ಕೆ ಅವನು ಎಸ್ ಪರಾಂಜಾ ಅಂತ ತನ್ನದೇ ಲೇಬಲ್ ಮಾಡಿಕೊಂಡ.

ಬಾನಮ್ ಜಾಗದಲ್ಲಿ ಯಾರು ಕೂತರು ಗೊತ್ತಾ? ಎಂಟು ಹಾಡುಗಳಲ್ಲಿ ಆರಕ್ಕೆ ಜೆನೆಸಿಸ್ ಬ್ಯಾಂಡ್‌ನ ಫಿಲ್ ಕಾಲಿನ್ಸ್. ಉಳಿದ ಎರಡಕ್ಕೆ ಜೆಥ್ರೋ ಟಲ್ ಬ್ಯಾಂಡ್‌ನಲ್ಲಿದ್ದ ಬ್ಯಾರಿಮೋರ್ ಬಾರ್ಲೋ. ಕಾಲಿನ್ಸ್ ಎಲ್ಲೂ ಬಾನಮ್ ಆಗಲು ಹೋಗುವುದಿಲ್ಲ, ಪುಣ್ಯಕ್ಕೆ. ಗಿಟಾರ್ ರಾಬಿ ಬ್ಲಂಟ್‌ದು. ಅವನು ಸ್ವರಗಳನ್ನು ಎಣಿಸಿ ಎಣಿಸಿ ಬಿಡುವ ಮನುಷ್ಯ, ಝೆಪ್ಪೆಲಿನ್ ಗಿಟಾರಿಸ್ಟ್ ಜಿಮ್ಮಿ ಪೇಜ್ ಥರ ಗೋಡೆ ಕಟ್ಟುವವನಲ್ಲ.

ಹಾಗಾಗಿ ದನಿಗೆ ಜಾಗ ಸಿಕ್ಕಿತು. ಇದೇ ಆಲ್ಬಂನ 'ಬಿಗ್ ಲಾಗ್' ಹಾಕಿ ಕೇಳಿ. ತಾಳ ಒಂದೇ ಸಮ ಹೋಗುತ್ತಿರುತ್ತದೆ, ಮೇಲೆ ಆ ತೆಳುವಾದ ಗಿಟಾರ್, ಪ್ಲ್ಯಾಂಟ್ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೆಳಗಿನ ಸ್ವರಗಳಲ್ಲೇ ಹಾಡುತ್ತಾನೆ, ಈಗ ಕಿರುಚುತ್ತಾನೆ ಈಗ ಕಿರುಚುತ್ತಾನೆ ಅಂತ ಕಾಯುತ್ತೀರಿ, ಅವನು ಕಿರುಚುವುದೇ ಇಲ್ಲ. ಬ್ರಿಟನ್‌ನಲ್ಲಿ ಅದು 11ನೇ ಸ್ಥಾನದವರೆಗೆ ಹೋಯಿತು. ಅಮೆರಿಕದಲ್ಲಿ 20.

"ದನಿ ಹೋಯಿತು ಪಾಪ, ಅದಕ್ಕೇ ಇಳಿಸಿ ಹಾಡಿದ" ಅನ್ನುವವರಿದ್ದಾರೆ. ಅಲ್ಲರೀ, ಈ ಮಾತನ್ನು ನಮ್ಮ ಊರಲ್ಲಿ ಕೂತು ಆಡುವುದಾ? ಗಂಗೂಬಾಯಿ ಹಾನಗಲ್ ಅವರ ಶುರುವಿನ ರೆಕಾರ್ಡ್ ಕೇಳಿದ್ದೀರಾ? ಸಣ್ಣ, ಎತ್ತರದ ದನಿ. ಆಮೇಲೆ ಟಾನ್ಸಿಲ್ ಚಿಕಿತ್ಸೆಯಾಗಿ ದನಿ ದಪ್ಪವಾಯಿತು. ಅವರು ಹಳೇ ದನಿಯ ಬೆನ್ನು ಹತ್ತಲಿಲ್ಲ. ಬಂದ ದನಿಯಲ್ಲೇ ಕೂತು ಹಾಡಿದರು, ಇವತ್ತು ಜಗತ್ತಿಗೆ ಗೊತ್ತಿರುವುದು ಆ ದನಿಯೇ. ಪ್ಲ್ಯಾಂಟ್‌ಗೂ ಅವರಿಗೂ ಬೇರೆ ಯಾವ ಸಂಬಂಧವೂ ಇಲ್ಲ, ಗೊತ್ತು. ಆದರೆ ಕುಂದಗೋಳದಲ್ಲಿ ರಾತ್ರಿಯಿಡೀ ಕೂತು ಸಂಗೀತ ಕೇಳುವ ನಮ್ಮ ಜನಕ್ಕೆ ಎತ್ತರಕ್ಕೆ ಹೋದದ್ದೇ ಹಾಡು ಅಂತ ಯಾರಾದರೂ ಹೇಳಿದರೆ ನಗು ಬರಬೇಕು.

ಆಲ್ಬಂ ಪೂರ್ತಿ ಚಿನ್ನ ಅಂತ ನಾನು ಹೇಳುತ್ತಿಲ್ಲ. ಕೀಬೋರ್ಡ್ ಶಬ್ದ ಕೇಳಿದರೆ ಸಾಕು, 1983 ಅಂತ ಹಣೆಯ ಮೇಲೆ ಬರೆದಿದೆ. ನಡುವೆ ಒಂದೆರಡು ಹಾಡು ಸುಮ್ನೆ ಉದ್ದ. 'ಇನ್ ದಿ ಮೂಡ್' ಒಂದೇ ಸಾಲನ್ನು ಜಾಸ್ತಿ ತಿರುಗಿಸುತ್ತದೆ, ಆದರೂ ನನಗೆ ಇಷ್ಟ, ಕಾರಣ ಕೇಳಬೇಡಿ.

ನನಗೆ ಇನ್ನೂ ಹಿಡಿಸಿದ್ದು ಆಮೇಲಿನ ಟೂರ್. ಅಮೆರಿಕದ ದೊಡ್ಡ ದೊಡ್ಡ ಹಾಲ್‌ಗಳು, ಹಿಂದೆ ಡ್ರಮ್ಸ್‌ನಲ್ಲಿ ಸ್ವತಃ ಕಾಲಿನ್ಸ್, ಎದುರಿಗೆ ಝೆಪ್ಪೆಲಿನ್ ಹಾಡಿಗೆ ಬಾಯಿ ಬಿಟ್ಟು ಕೂತ ಜನ. ಅವನು ಒಂದೂ ಝೆಪ್ಪೆಲಿನ್ ಹಾಡು ಹಾಡಲಿಲ್ಲ. ಕೈಯಲ್ಲಿದ್ದದ್ದು ಎರಡು ಆಲ್ಬಂ, ಹೆಚ್ಚುಕಡಿಮೆ ಅದರಲ್ಲೇ ಸಂಜೆ ಮುಗಿಸಿದ.