ಎಡಗಡೆಯ ಸ್ವಿಚ್ಚು

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಸರಸ್ವತಿಪುರಂನ ಒಂದೇ ಬಾಡಿಗೆ ಮನೆಯಲ್ಲಿ ನಾನು 32 ವರ್ಷ ಇದ್ದೆ. ಹೋದ ವರ್ಷ ಮಾಲೀಕರು ಮನೆ ಮಾರಿದರು. ಎರಡು ತಿಂಗಳಲ್ಲಿ ಖಾಲಿ ಮಾಡಿ ಅಂದರು. ಅಮ್ಮನಿಗೆ ಬೇಜಾರಾಯಿತು. ನನಗೆ ಮೂರು ದಿನ ಮಾತೇ ಹೊರಡಲಿಲ್ಲ, ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ನನಗೆ ಆಟಿಸಂ ಇದೆ. ಕನ್ನಡದಲ್ಲಿ ಸ್ವಲೀನತೆ ಅಂತಾರೆ, ತನ್ನೊಳಗೇ ಮುಳುಗಿರುವುದು ಅಂತ. ಆ ಪದ ನನಗೆ ಒಪ್ಪಿಗೆಯಿಲ್ಲ. ನನ್ನ ಗಮನವೆಲ್ಲ ಸುತ್ತಲಿನ ವಸ್ತುಗಳ ಮೇಲೇ ಇರುತ್ತದೆ. ಗೇಟಿನ ಕಿರ್ ಸದ್ದು, ಆರನೇ ಮೆಟ್ಟಿಲಿನ ಬಿರುಕು, ರೂಮಿನ ಬಾಗಿಲಿಗೆ ಎಡಗಡೆ ಇರುವ ಸ್ವಿಚ್ಚು.

1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದರು. ಎಲ್ಲವೂ ಇದ್ದ ಹಾಗೇ ಇರಬೇಕು ಅನ್ನುವ ಹಟವನ್ನು ಅವರಲ್ಲಿ ಗುರುತಿಸಿದರು. ನೋಡುವವರಿಗೆ ಅದು ಹಟವೇ. ನನಗೆ ಹೇಗಿರುತ್ತದೆ ಹೇಳುತ್ತೇನೆ. ಕತ್ತಲಲ್ಲಿ ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಡುತ್ತೀರಿ, ಅದು ಇರುವುದಿಲ್ಲ. ಎದೆ ಝಲ್ಲೆನ್ನುತ್ತದೆ ಅಲ್ವಾ? ಹೇಳದೆ ಬಂದ ಬದಲಾವಣೆ ನನಗೆ ದಿನವಿಡೀ ಹಾಗಿರುತ್ತದೆ.

ಹೊಂದ್ಕೋಬೇಕಪ್ಪ ಅಂತ ಎಲ್ಲರೂ ಹೇಳಿದರು. ಹೇಗೆ ಅಂತ ಯಾರೂ ಹೇಳಲಿಲ್ಲ. ಹಾಸನದಿಂದ ಬಂದ ಅಕ್ಕ ಮಾತ್ರ, "ಬಾರೋ, ಮೊದಲು ನೋಡ್ಕೊಂಡು ಬರೋಣ" ಅಂದಳು.

ಕುವೆಂಪುನಗರದ ಹೊಸ ಮನೆಗೆ ಆರು ಸಲ ಹೋದೆವು. ಮೊದಲ ಸಲ ಗೇಟಿನವರೆಗೆ ಅಷ್ಟೇ. ಎರಡನೇ ಸಲ ಖಾಲಿ ರೂಮಿನಲ್ಲಿ ಹತ್ತು ನಿಮಿಷ ಸುಮ್ನೆ ಕೂತೆ. ಒಮ್ಮೆ ರಾತ್ರಿಯೂ ಹೋದೆವು, ರಸ್ತೆಯ ಸದ್ದು ಕೇಳಲಿಕ್ಕೆ. ಆಮೇಲೆ ಅಕ್ಕ ಒಂದು ಹಾಳೆಯ ಮಧ್ಯೆ ಗೀಟು ಎಳೆದಳು. ಒಂದು ಕಡೆ ಬದಲಾಗುವುದು, ಇನ್ನೊಂದು ಕಡೆ ಬದಲಾಗದ್ದು. ಅದೇ ಮಂಚ, ಅದೇ ನೀಲಿ ಪರದೆ, ನನ್ನ ಸ್ಟೀಲ್ ಲೋಟ, ಬೆಳಿಗ್ಗೆ ಆರೂವರೆಗೆ ಅಮ್ಮ ಮಾಡುವ ಕಾಫಿ. ಎರಡನೇ ಪಟ್ಟಿಯೇ ಉದ್ದವಾಯಿತು. ಆ ಹಾಳೆ ಮಡಿಕೆಯಲ್ಲಿ ಹರಿಯುವ ತನಕ ನನ್ನ ಶರ್ಟಿನ ಜೇಬಿನಲ್ಲೇ ಇತ್ತು.

ಹಾಲು ಉಕ್ಕಿಸುವ ದಿನ ಮನೆ ತುಂಬ ಜನ, ಹೊಗೆ, ಮಿಕ್ಸಿ ಸದ್ದು. ಹಾಲು ಉಕ್ಕುವವರೆಗೆ ಇರು, ಆಮೇಲೆ ಮಹಡಿ ಮೇಲೆ ಹೋಗು ಅಂತ ಮೊದಲೇ ಮಾತಾಗಿತ್ತು. ಹೋದೆ. ಯಾಕೆ ಒಬ್ಬನೇ ಹೋದ ಅಂತ ಅತ್ತೆ ಕೇಳಿದರಂತೆ. "ಆಮೇಲೆ ಬರ್ತಾನೆ, ಬಿಡಿ ಅತ್ತೆ" ಅಂದಳಂತೆ ಅಕ್ಕ. ಅಷ್ಟು ಸಾಕಾಗಿತ್ತು.

ಎಲ್ಲವೂ ಸಲೀಸಾಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಐದಕ್ಕೆ ಪಕ್ಕದ ಮನೆಯ ಮೋಟಾರ್ ಶುರುವಾಯಿತು. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಕಿವಿ ಮುಚ್ಚಿಕೊಂಡು ಅತ್ತುಬಿಟ್ಟೆ. ಅಮ್ಮ ಏನೂ ಕೇಳಲಿಲ್ಲ. ಲೈಟ್ ಆರಿಸಿ, ಸ್ವಲ್ಪ ದೂರದಲ್ಲಿ ಕೂತರು. ನಿಮ್ಮ ಮನೆಯಲ್ಲೂ ನನ್ನಂಥವರಿದ್ದರೆ ಆ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ, ದಯವಿಟ್ಟು. ಮಾತು ಕೂಡ ಆಗ ಒಂದು ಸದ್ದೇ. ಇನ್ನೊಂದು ವಿಷಯ. ನನಗೆ ತಿಂಗಳು ಮೊದಲೇ ಹೇಳಿದರೆ ಒಳ್ಳೆಯದು. ಕೆಲವರಿಗೆ ಅಷ್ಟು ಮುಂಚೆ ಹೇಳಿದರೆ ತಿಂಗಳೆಲ್ಲ ನಿದ್ದೆ ಬರುವುದಿಲ್ಲ. ಅವರನ್ನೇ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಹಾಗಾಗಿ ಆಫೀಸಿನಲ್ಲೂ ನಾನು ಕೇಳಿಕೊಂಡೆ: ಸೀಟು ಬದಲಿಸುವುದಿದ್ದರೆ ಒಂದು ವಾರ ಮೊದಲು ಹೇಳಿ ಅಂತ. ಈಗ ಹೇಳುತ್ತಾರೆ.

ಹೊಸ ರೂಮಿನಲ್ಲಿ ಸ್ವಿಚ್ಚು ಬಲಗಡೆ ಇದೆ. ರಾತ್ರಿ ಕೈ ಇನ್ನೂ ಎಡಗಡೆಗೇ ಹೋಗುತ್ತದೆ. ಮುಂದಿನ ತಿಂಗಳು ಅಮ್ಮನಿಗೆ ಮಂಡಿ ಆಪರೇಷನ್. ಈ ಸಲ ಹಾಳೆಗೆ ಗೀಟು ಎಳೆದವನು ನಾನೇ. ಬದಲಾಗದ್ದರ ಕಡೆ ಮೊದಲ ಸಾಲು, ಆರೂವರೆ ಕಾಫಿ. ಅಮ್ಮ ಏಳುವ ತನಕ ಅದನ್ನು ನಾನು ಮಾಡುತ್ತೇನೆ.

ನಮಸ್ಕಾರ.