ಕಾಗೆಯನ್ನೂ ಬರೆಯಿರಿ

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ನೀರುಹಕ್ಕಿ ಗಣತಿ. ಅದಕ್ಕೆ ಮೊದಲು ಹಳಬರು, ಹೊಸಬರು ಒಂದು ಕಡೆ ಕೂರಬೇಕು, ಯಾರಾದರೂ ನಾಲ್ಕು ಮಾತಾಡಬೇಕು ಅಂತ ಬಳಗದವರು ಹೇಳಿದರು. ಈ ಸಲ ಆ ಸರದಿ ನನ್ನದು. ಯಾವ ದುರ್ಬೀನು ಕೊಳ್ಳಬೇಕು, ಕ್ಯಾಮೆರಾಗೆ ಎಷ್ಟುದ್ದದ ಲೆನ್ಸ್ ಬೇಕು ಅನ್ನುವುದನ್ನೆಲ್ಲ ಕಾಫಿ ಕುಡಿಯುವಾಗ ಮಾತಾಡೋಣ. ಬೈನಾಕ್ಯುಲರ್ ಬಗ್ಗೆ ಮಾತು ಶುರುವಾದರೆ ಈ ಸಭೆ ರಾತ್ರಿ ಊಟದ ಹೊತ್ತಿಗೂ ಮುಗಿಯುವುದಿಲ್ಲ, ನಿಮಗೇ ಗೊತ್ತು.

ನಾನು ಹೇಳಬೇಕಾದದ್ದು ಒಂದೇ ವಿಷಯ. ಭಾನುವಾರ ಬೆಳಿಗ್ಗೆ ಕೆರೆ ಸುತ್ತಿ ಬಂದ ಮೇಲೆ ನಾವು ಮರದ ಕೆಳಗೆ ನಿಂತು ಪಟ್ಟಿ ಮಾಡುತ್ತೇವಲ್ಲ, ಆ ಪಟ್ಟಿಯೇ ನಮ್ಮ ಬಳಗದ ನಿಜವಾದ ಕೆಲಸ. ನಡಿಗೆ, ಫೋಟೋ, ಇಡ್ಲಿ ಎಲ್ಲ ಇರಲಿ, ಬೇಕು. ಆದರೆ ಪಟ್ಟಿ ಪೂರ್ತಿ ಆಗಬೇಕು. ಅದರಲ್ಲಿ ಕಾಗೆಯೂ ಇರಬೇಕು.

ಹೊಸಬರು ಕೇಳುತ್ತಾರೆ, "ಸಾರ್, ಕಾಗೆ ಬರೆಯೋದು ಯಾಕೆ? ಎಲ್ಲಾ ಕಡೆ ಇರುತ್ತಲ್ಲ." ಹೋದ ತಿಂಗಳ ನಡಿಗೆಯಲ್ಲಿ ಪಟ್ಟಿ ಓದುತ್ತಿದ್ದಾಗ ಏನಾಯಿತು ನೋಡಿ. ಬಾಲದಂಡೆ ಅಂದ ಕೂಡಲೇ ಹತ್ತು ಕೈ ಮೇಲೆ ಹೋದವು. ಮಿಂಚುಳ್ಳಿ ಅಂದಾಗ ಎಷ್ಟು, ಎಲ್ಲಿ, ಯಾವ ಕೊಂಬೆ ಅಂತೆಲ್ಲ ಚರ್ಚೆ ನಡೆಯಿತು. ಗೊರವಂಕ ಅಂದಾಗ ಯಾರೂ ಮಾತಾಡಲಿಲ್ಲ. ಕಂಡಿರಲಿಲ್ಲ ಅಂತಲ್ಲ, ಯಾರೂ ಎಣಿಸಿರಲಿಲ್ಲ. ಕೊನೆಗೆ ಪಿಯುಸಿ ಓದುವ ಒಬ್ಬಳು ಹುಡುಗಿ ತನ್ನ ಪುಸ್ತಕ ತೆಗೆದು, "ಇಪ್ಪತ್ತಮೂರು, ಅದರಲ್ಲಿ ಏಳು ಗೇಟ್ ಹತ್ತಿರ" ಅಂದಳು. ಊರುಕಾಗೆ ಎಷ್ಟು, ಕಾಡುಕಾಗೆ ಎಷ್ಟು ಅಂತ ಬೇರೆ ಬೇರೆ ಬರೆದಿದ್ದಳು. ಊರುಕಾಗೆಗೆ ಕತ್ತಿನ ಸುತ್ತ ಬೂದುಬಣ್ಣ, ಕಾಡುಕಾಗೆ ಪೂರಾ ಕಪ್ಪು, ಕೊಕ್ಕು ದಪ್ಪ. ಅಂಥ ಒಬ್ಬಳು ಇದ್ದರೆ ಬಳಗಕ್ಕೆ ಬಲ.

ಮಾಮೂಲಿ ಹಕ್ಕಿಯನ್ನು ಯಾಕೆ ಬರೆಯಬೇಕು ಅನ್ನುವುದಕ್ಕೆ ನನ್ನ ಉತ್ತರ ರಣಹದ್ದು. ಇಲ್ಲಿರುವ ಹಿರಿಯರನ್ನು ಕೇಳಿ. ಅವರ ಚಿಕ್ಕಂದಿನಲ್ಲಿ ಊರಾಚೆ ಸತ್ತ ದನ ಬಿದ್ದರೆ ರಣಹದ್ದು ಗುಂಪುಗುಂಪಾಗಿ ಇಳಿಯುತ್ತಿದ್ದವು. ಅದನ್ನು ಯಾರೂ ನಿಂತು ನೋಡುತ್ತಿರಲಿಲ್ಲ, ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಎಣಿಸುವ ಮಾತಂತೂ ದೂರವೇ ಉಳಿಯಿತು. 1990ರ ದಶಕದಲ್ಲಿ ಅವು ಸಾಯತೊಡಗಿದವು. ಇದು ಹೇಗೆ ಬೆಳಕಿಗೆ ಬಂತು? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1980ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ ಬೇಟೆಹಕ್ಕಿಗಳ ಅಧ್ಯಯನ ಮಾಡುವಾಗ ರಣಹದ್ದುಗಳ ಲೆಕ್ಕವನ್ನೂ ಇಟ್ಟಿದ್ದರು. ಹತ್ತು ವರ್ಷದ ನಂತರ ಅದೇ ಜಾಗದಲ್ಲಿ ಎಣಿಸಿದರೆ ಲೆಕ್ಕ ಅರ್ಧಕ್ಕರ್ಧ ಇಳಿದಿತ್ತು. ಹಳೆಯ ಲೆಕ್ಕ ಇತ್ತು, ಆದ್ದರಿಂದ ಗೊತ್ತಾಯಿತು. ದನಕ್ಕೆ ಕೊಡುವ ಡೈಕ್ಲೊಫೆನಾಕ್ ಅನ್ನುವ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡ ಕೆಡಿಸುತ್ತಿದೆ ಅಂತ ಖಚಿತವಾಗುವ ಹೊತ್ತಿಗೆ 2004 ಆಗಿತ್ತು. ಸರ್ಕಾರ ಪಶುಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೋಗಿಬಿಟ್ಟಿದ್ದವು. ಇವತ್ತು ಉದ್ದಕೊಕ್ಕಿನ ರಣಹದ್ದು ನೋಡಬೇಕು ಅಂದರೆ ರಾಮನಗರದ ರಾಮದೇವರಬೆಟ್ಟಕ್ಕೆ ಹೋಗಿ ಕತ್ತು ನೋಯುವ ತನಕ ಬಂಡೆ ನೋಡುತ್ತಾ ನಿಲ್ಲಬೇಕು.

ಭರತಪುರದಲ್ಲಿ ಒಬ್ಬರು ಎಣಿಸಿದ್ದರು. ಉಳಿದ ಸಾವಿರಾರು ಊರುಗಳಲ್ಲಿ ಯಾರು ಎಣಿಸಿದ್ದರು? ನಮ್ಮ ಜಿಲ್ಲೆಯಲ್ಲಿ 1985ರಲ್ಲಿ ಎಷ್ಟು ರಣಹದ್ದು ಇದ್ದವು ಅಂತ ನನಗೆ ಯಾರಾದರೂ ಹೇಳುತ್ತೀರಾ? "ಬೇಕಾದಷ್ಟಿತ್ತು" ಅನ್ನುತ್ತಾರೆ. ಬೇಕಾದಷ್ಟು ಅನ್ನುವುದು ಲೆಕ್ಕ ಅಲ್ಲವಲ್ಲ.

ಅದಕ್ಕೇ ಹೇಳುವುದು, ಕಾಗೆಯನ್ನೂ ಬರೆಯಿರಿ.

ಈಗ ಒಂದು ಪ್ರಸಂಗ. ಹಳಬರಿಗೆ ಇದು ಗೊತ್ತು, ಆದರೂ ಹೇಳುತ್ತೇನೆ. ಹದಿನಾರು ಅನ್ನುವ ಊರಿನ ಕೆರೆಗೆ ಹೋಗಿದ್ದೆವು. ನಂಜನಗೂಡು ಕಡೆಯ ಹದಿನಾರು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುವುದು ನಿಮಗೆಲ್ಲ ಗೊತ್ತಿದೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಗದ್ದೆಯಲ್ಲಿ ಮೇಯ್ದು ಬಂದು ಹಗಲೆಲ್ಲ ನೀರಿನಲ್ಲಿ, ದಡದಲ್ಲಿ ಕೂರುತ್ತವೆ. ನಾವು ಕೆರೆ ಏರಿಯ ಮೇಲೆ ಸ್ಕೋಪ್ ಇಟ್ಟು ಎಣಿಸುತ್ತಿದ್ದಾಗ ನಮ್ಮಲ್ಲೊಬ್ಬರು ಸಣ್ಣಗೆ "ಕೊರಳಪಟ್ಟಿ" ಅಂದರು. ನೋಡಿದರೆ ಹೌದು, ಒಂದು ಹೆಬ್ಬಾತಿನ ಕೊರಳಲ್ಲಿ ಹಸಿರು ಪಟ್ಟಿ. ಅದರ ಮೇಲೆ ಬಿಳಿ ಅಕ್ಷರ. ಮಂಗೋಲಿಯದಲ್ಲಿ ವಿಜ್ಞಾನಿಗಳು ಇಂಥ ಪಟ್ಟಿ ಹಾಕಿ ಬಿಡುತ್ತಾರೆ. ಅಲ್ಲಿಂದ ಹಿಮಾಲಯ ದಾಟಿ ಇಲ್ಲಿಗೆ ನಾಲ್ಕು ಸಾವಿರ ಕಿಲೋಮೀಟರಿಗೂ ಜಾಸ್ತಿ.

ಅಕ್ಷರ ಓದಬೇಕಲ್ಲ? ಹೆಬ್ಬಾತು ಆರಾಮಾಗಿ ಒಂದು ಕಾಲ ಮೇಲೆ ನಿಂತು, ಕತ್ತು ತಿರುಗಿಸಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ಮಲಗಿಬಿಟ್ಟಿತು. ಪಟ್ಟಿಯಲ್ಲಿ ಕಾಣುತ್ತಿದ್ದದ್ದು ಅರ್ಧ ಅಕ್ಷರ. ಒಬ್ಬರು ಎಂಟು ಅಂದರು. ಇನ್ನೊಬ್ಬರು ಬಿ ಅಂದರು. ಮತ್ತೊಬ್ಬರು, ಕಣ್ಣಿನ ಡಾಕ್ಟರು ಅವರು, "ಮೂರು, ಬೇಕಾದರೆ ಬರೆದುಕೊಡ್ತೀನಿ" ಅಂದರು. ಬಿಸಿಲು ಏರಿತು. ಬಿಸಿಲಿಗೆ ನೀರಿನ ಮೇಲೆ ಗಾಳಿ ನಡುಗತೊಡಗಿ ಸ್ಕೋಪಿನಲ್ಲಿ ಎಲ್ಲ ಮಸುಕಾಯಿತು. ಪೊಟ್ಟಣದ ಇಡ್ಲಿ ತಣ್ಣಗಾಯಿತು. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಏರಿಯ ಮೇಲೆ ಸೈಕಲ್ಲಿನಲ್ಲಿ ಬಂದ ರೈತರೊಬ್ಬರು ಇಳಿದು, "ಏನ್ ಸ್ವಾಮಿ, ಯಾರಾದ್ರೂ ನೀರಿಗೆ ಬಿದ್ರಾ?" ಅಂತ ಗಾಬರಿಯಿಂದ ಕೇಳಿದರು. ಹಕ್ಕಿಯ ಕೊರಳಲ್ಲಿ ಅಕ್ಷರ ಓದಬೇಕು, ಅದು ಏಳುತ್ತಿಲ್ಲ ಅಂದೆವು. ಅವರೂ ಸ್ಟ್ಯಾಂಡ್ ಹಾಕಿ ನಿಂತರು.

ಆಗ ಆ ಕಡೆಯ ಜೊಂಡಿನಿಂದ ಸೆಳೆವ ಅನ್ನುವ ಒಂದು ಬೇಟೆಹಕ್ಕಿ ಎದ್ದಿತು. ನೀರಿಗೆ ತಾಗುವ ಹಾಗೆ ತಗ್ಗಿನಲ್ಲೇ ತೇಲಿಕೊಂಡು ಬಂತು. ಬಾತುಗಳೆಲ್ಲ ಗಲಗಲ ಎದ್ದವು. ಹೆಬ್ಬಾತುಗಳು ಹಾರಲಿಲ್ಲ, ಆದರೆ ಒಂದೇ ಸಲಕ್ಕೆ ಎಲ್ಲವೂ ಕತ್ತು ನೆಟ್ಟಗೆ ಮಾಡಿದವು. ಸ್ಕೋಪಿನ ಹತ್ತಿರ ಇದ್ದವನು ಏಳನೇ ಕ್ಲಾಸಿನ ಹುಡುಗ. ಒಂದೇ ಉಸಿರಿನಲ್ಲಿ ಪೂರ್ತಿ ಓದಿಬಿಟ್ಟ. ಡಾಕ್ಟರು ಹೇಳಿದ ಮೂರೂ ಇರಲಿಲ್ಲ, ಎಂಟೂ ಇರಲಿಲ್ಲ! ಮಾಹಿತಿ ಕಳಿಸಿದೆವು. ಆ ಹಕ್ಕಿಗೆ ಪಟ್ಟಿ ಹಾಕಿದ್ದು ಮಂಗೋಲಿಯದ ಯಾವ ಸರೋವರದಲ್ಲಿ, ಯಾವ ಬೇಸಿಗೆಯಲ್ಲಿ ಅಂತ ಉತ್ತರವೂ ಬಂತು. ಆ ಹುಡುಗ ಈಗ ಪ್ರಾಣಿಶಾಸ್ತ್ರ ಓದುತ್ತಿದ್ದಾನೆ.

ಇಷ್ಟೇ ಆಗಿದ್ದರೆ ಇದನ್ನು ಈ ಸಭೆಯಲ್ಲಿ ಹೇಳುತ್ತಿರಲಿಲ್ಲ. ನಾವೆಲ್ಲ ಒಂದು ಹೆಬ್ಬಾತಿನ ಮುಂದೆ ನಿಂತಿದ್ದಾಗ, ನಮ್ಮ ಬಳಗದ ನಿವೃತ್ತ ಮೇಡಂ ಒಬ್ಬರು ಐವತ್ತು ಹೆಜ್ಜೆ ಆಚೆ ಕೂತು ನಾಮದಕೋಳಿ ಎಣಿಸುತ್ತಿದ್ದರು. ಕಪ್ಪು ಮೈ, ಹಣೆಯ ಮೇಲೆ ಬಿಳಿ ನಾಮ, ಕೆರೆ ತುಂಬ ಅವೇ. ಆಮೇಲೆ ಸೂಜಿಬಾಲದ ಬಾತು, ಚಲುಕ ಬಾತು, ವರಟೆ, ನೀರುಕಾಗೆ. ಅವರು ಎಣಿಸುವ ರೀತಿ ನೋಡಿ ಕಲಿಯಬೇಕು. ಮೊದಲು ಹತ್ತು ಹಕ್ಕಿ ಒಂದೊಂದಾಗಿ ಎಣಿಸುತ್ತಾರೆ. ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆ ಅಂತ ಕಣ್ಣಲ್ಲೇ ಅಳೆದುಕೊಳ್ಳುತ್ತಾರೆ. ಆಮೇಲೆ ಎಡದಿಂದ ಬಲಕ್ಕೆ ಹತ್ತು ಹತ್ತರ ಹಾಗೆ ಗುಂಪನ್ನು ಅಳೆಯುತ್ತಾ ಹೋಗುತ್ತಾರೆ. ಮತ್ತೆ ಬಲದಿಂದ ಎಡಕ್ಕೆ. ಎರಡು ಲೆಕ್ಕ ತೀರಾ ಬೇರೆ ಬಂದರೆ ಮೂರನೇ ಸಲ. ಅವತ್ತು ಸೆಳೆವ ಹಕ್ಕಿಗಳನ್ನೆಲ್ಲ ಎಬ್ಬಿಸಿದಾಗ ನಾವು ಕುಣಿಯುತ್ತಿದ್ದೆವು, ಅವರು ಮಾತ್ರ ಹಾಳೆ ತಿರುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಹೆಬ್ಬಾತಿನ ಕೊರಳಪಟ್ಟಿ ಒಂದು ಹಕ್ಕಿಯ ಕಥೆ ಹೇಳಿತು. ಆ ಕೆರೆ ಹೇಗಿದೆ ಅಂತ ಹೇಳುವುದು ಮೇಡಂ ಲೆಕ್ಕ.

ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಕೇಳಿದರೆ, ಬಂದಿದೆ. ನಮ್ಮ ಸುತ್ತಲಿನ ಒಂದು ಕೆರೆ. ಹೆಸರು ಬೇಡ. ಅದನ್ನು ಚೆಂದ ಮಾಡುತ್ತೇವೆ ಅಂತ ಜೊಂಡು ಪೂರ್ತಿ ಕಿತ್ತು, ಸುತ್ತ ಕಲ್ಲು ಕಟ್ಟಿ, ದೋಣಿ ಬಿಡುವ ಯೋಜನೆ ಬಂತು. ನಾವು ಹೋಗಿ, ಹಕ್ಕಿಗಳಿಗೆ ತೊಂದರೆ ಆಗುತ್ತದೆ ಅಂದೆವು. "ಯಾವ ಹಕ್ಕಿ? ಎಷ್ಟು?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ವರ್ಷವರ್ಷದ ಜನವರಿ ಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟೆವು. ಕೂತಿದ್ದವರು ತಿರುವಿ ನೋಡಿದರು. ಒಂದು ಬದಿಯ ಜೊಂಡು ಉಳಿಯಿತು, ದೋಣಿ ಬರಲಿಲ್ಲ. ಇನ್ನೊಂದು ಬದಿ ಕಲ್ಲಾಯಿತು, ಅದು ಈಗಲೂ ನನಗೆ ಸಂಕಟ. ಆದರೆ ಪಟ್ಟಿ ಇಲ್ಲದಿದ್ದರೆ ಎರಡೂ ಬದಿ ಹೋಗುತ್ತಿತ್ತು.

ದೇಶದ ಮಟ್ಟದಲ್ಲೂ ಇದೇ ನಡೆದಿದೆ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರುವುದು ನಮ್ಮಂಥವರ ಪಟ್ಟಿಗಳ ಮೇಲೆ. ಸುಮಾರು 30 ಸಾವಿರ ಜನ ಇಬರ್ಡ್ ಅನ್ನುವ ಹಕ್ಕಿಪಟ್ಟಿಯ ಜಾಲತಾಣಕ್ಕೆ ಹಾಕಿದ ಮೂರು ಕೋಟಿ ದಾಖಲೆಗಳು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ 204 ಇಳಿದಿವೆ. ನವಿಲು, ಕೋಗಿಲೆ ಹೆಚ್ಚಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿದಿದೆ. ಹೊಲದ ಪಕ್ಕದ ಕರೆಂಟ್ ತಂತಿಯ ಮೇಲೆ ಕೂತಿರುತ್ತಿತ್ತಲ್ಲ, ಅದೇ. ಯಾರೂ ಅದನ್ನು ಅಪರೂಪ ಅಂದುಕೊಂಡಿರಲಿಲ್ಲ.

ಆ ಲೆಕ್ಕ ಹಾಕುವ ಕ್ರಮ ಹೊಸಬರಿಗೆ ಗೊತ್ತಿರಲಿ. ನೂರು ಪೂರ್ಣ ಪಟ್ಟಿಗಳಲ್ಲಿ, ಅಂದರೆ ಕಂಡ ಹಕ್ಕಿಯನ್ನೆಲ್ಲ ಬರೆದ ಪಟ್ಟಿಗಳಲ್ಲಿ, ಎಷ್ಟರಲ್ಲಿ ಗುಬ್ಬಚ್ಚಿ ಇದೆ ಅಂತ ನೋಡುತ್ತಾರೆ. ನೀವು ಕಂಡೂ ಬರೆಯದಿದ್ದರೆ, ಅಲ್ಲಿ ಗುಬ್ಬಚ್ಚಿ ಇರಲಿಲ್ಲ ಅಂತಲೇ ಲೆಕ್ಕ. ಗುಬ್ಬಚ್ಚಿ ಎಲ್ಲ ಕಡೆ ಮಾಯವಾಯಿತು ಅಂತ ನಾವೆಲ್ಲ ಹೇಳುತ್ತಿದ್ದೆವು. 2020ರ ವರದಿಯಲ್ಲಿ ನೋಡಿದರೆ ದೊಡ್ಡ ನಗರಗಳಲ್ಲಿ ಇಳಿದಿದೆ, ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಮ್ಮಿ ಸ್ಥಿರವಾಗಿದೆ. ಸುಮ್ನೆ ಬಾಯಿಮಾತಿನಲ್ಲಿ ಇದು ಗೊತ್ತಾಗುತ್ತಿತ್ತಾ? ಗುಬ್ಬಚ್ಚಿಯನ್ನೂ ಬರೆದ ಪುಣ್ಯಾತ್ಮರು ಇದ್ದರು, ಗೊತ್ತಾಯಿತು.

ಒಟ್ಟಿಗೆ ಸೇರಿ ಎಣಿಸುವ ಈ ಕೆಲಸ ಹಳೆಯದು. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಪಂಗಡ ಕಟ್ಟಿಕೊಂಡು ಪೈಪೋಟಿಯಲ್ಲಿ ಬೇಟೆಯಾಡುವ ರೂಢಿ ಇತ್ತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಅನ್ನುವವರು, ಕೊಲ್ಲುವುದು ಬೇಡ, ಎಣಿಸೋಣ ಅಂದರು. ಮೊದಲ ವರ್ಷ ಬಂದವರು 27 ಜನ. ಇವತ್ತು ಈ ಹಾಲ್‌ನಲ್ಲಿ ಅದಕ್ಕಿಂತ ಜಾಸ್ತಿ ಇದ್ದೀರಿ. ನಮ್ಮ ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತಿದೆ. ಬೆಂಗಳೂರಿನವರು ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಪದ್ಧತಿ 1970ರ ದಶಕದ್ದು. ಯಾವ ಭಾನುವಾರ ಅಂತ ಯಾರೂ ಕೇಳಬೇಕಾಗಿಲ್ಲ, ಅದೇ ಅದರ ಗುಟ್ಟು.

ಚೀಟಿ ಬಂತು. ಹತ್ತು ನಿಮಿಷ ಅಂತ ಇದೆ. ಇನ್ನೂ ಹೇಳಬೇಕಾದದ್ದು ಬಹಳ ಇತ್ತು, ಬೇಗ ಬೇಗ ಹೇಳಿಬಿಡುತ್ತೇನೆ.

ಕೊಕ್ಕರೆ ಬೆಳ್ಳೂರಿಗೆ ಹೋಗುವವರು ಫೋಟೋ ತೆಗೆದು ವಾಪಸ್ ಬಂದುಬಿಡಬೇಡಿ. ಆ ಊರಿನ ಹುಣಸೆಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಮರ ಊರಿನವರದು, ಹಿಕ್ಕೆ ಬೀಳುವುದೂ ಅವರ ಅಂಗಳಕ್ಕೇ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸ ಮಾಡಿದ್ದು ಅಲ್ಲಿಯ ಹೆಜ್ಜಾರ್ಲೆ ಬಳಗದ ಹುಡುಗರು. ಅವರ ಜೊತೆ ಕೂತು ಮಾತಾಡಿ. 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆ ಆಗಿದೆ. ಘೋಷಣೆಗಿಂತ ಬಹಳ ಹಿಂದಿನಿಂದಲೂ ಆ ಜನ ಕಾಪಾಡಿಕೊಂಡು ಬಂದಿದ್ದಾರೆ.

ಗೂಡಿನ ಹತ್ತಿರ ಹೋಗಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ. ಗೂಬೆ ಮರಿಗಳಿರುವ ಜಾಗವನ್ನು ವಾಟ್ಸಾಪಿನಲ್ಲಿ ಹಾಕಬೇಡಿ, ಮಾರನೇ ದಿನ ಅಲ್ಲಿ ಸಂತೆ ಸೇರುತ್ತದೆ. ಇದರಲ್ಲಿ ನನಗೆ ರಾಜಿ ಇಲ್ಲ.

ಕೂಗು ಕೇಳಿ ಹೆಸರು ಹೇಳುವ ಆ್ಯಪ್ ಒಳ್ಳೆಯದೇ, ಕಲಿಯಲು ಸಹಾಯ ಆಗುತ್ತದೆ. ಆದರೆ ಫೋನು ಬಿಜ್ಜು (ಸಣ್ಣ ಬೇಟೆಹಕ್ಕಿ) ಅಂದ ಕೂಡಲೇ ಬಿಜ್ಜು ಅಂತ ಬರೆಯಬೇಡಿ. ತಲೆ ಎತ್ತಿ ನೋಡಿ. ಬಿಜ್ಜುವಿನ ಹಾಗೆ ಕೂಗಿ ಬೇರೆ ಹಕ್ಕಿಗಳನ್ನು ಹೆದರಿಸುವ ಕಾಜಾಣ ತಂತಿಯ ಮೇಲೆ ಕೂತಿರಬಹುದು.

ಹೆಣ್ಣುಮಕ್ಕಳು ಬೆಳಗಿನ ಕತ್ತಲಲ್ಲಿ ಕೆರೆಗೆ ಬರುವುದು ಹೇಗೆ ಅನ್ನುವುದು ದೊಡ್ಡ ವಿಷಯ, ಅದಕ್ಕೆ ಬೇರೆ ದಿನವೇ ಕೂರಬೇಕು. ಸದ್ಯಕ್ಕೆ, ಯಾರ ಮನೆ ಯಾವ ದಾರಿಯಲ್ಲಿದೆ ನೋಡಿಕೊಂಡು ಕಾರಿನವರು ಕರೆದುಕೊಂಡು ಬನ್ನಿ. ಶಾಲೆಗಳ ವಿಷಯವನ್ನು ಮೇಡಂ ಹೇಳುತ್ತಾರೆ.

ಭಾನುವಾರಕ್ಕೆ ಬರೋಣ. ಆರೂವರೆಗೆ ಕೆರೆ ಏರಿಯ ಮೇಲೆ ಇರಬೇಕು. ಪ್ರತಿ ಕೆರೆಗೆ ನಾಲ್ಕು ಜನ: ಇಬ್ಬರು ಎಣಿಸುವವರು, ಒಬ್ಬರು ಬರೆಯುವವರು, ಒಬ್ಬರು ಹೊಸಬರು. ಪೆನ್ಸಿಲ್ ತನ್ನಿ, ಮಂಜಿನಲ್ಲಿ ಹಾಳೆ ಒದ್ದೆಯಾದರೆ ಪೆನ್ನು ಬರೆಯುವುದಿಲ್ಲ. ಹಕ್ಕಿ ಕಮ್ಮಿ ಇರುವ ಕೆರೆ ಸಿಕ್ಕಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಕೆರೆ ಒಣಗಿದ್ದರೆ ಒಣಗಿದೆ, ಹಕ್ಕಿ ಇಲ್ಲ ಅಂತ ಬರೆದು ಸಮಯ ಹಾಕಿ ಕೊಡಿ, ಅದೂ ಬೇಕು. ಸ್ಕೋಪ್ ಎರಡೇ ಇರುವುದರಿಂದ ದೊಡ್ಡ ಕೆರೆಗಳಿಗೆ ಕೊಡುತ್ತೇವೆ. ಹಿಂದಿನ ಸಾಲಿನಲ್ಲಿ ಹಾಳೆ ಇದೆ. ಇನ್ನೂ ಮೂರು ಕೆರೆಗಳ ಮುಂದೆ ಯಾರ ಹೆಸರೂ ಇಲ್ಲ. ಹೋಗುವ ಮುಂಚೆ ಬರೆದು ಹೋಗಿ.