ತಾತನ ಮಾತು ತಾತನ ಗಂಟಲಲ್ಲೇ ಬರ್ಲಿ

ಎಲ್ರಿಗೂ ನಮಸ್ಕಾರ. ಊರಿನ ಜನರ ಮಾತನ್ನ ಅವ್ರ ದನಿಯಲ್ಲೇ ರೇಡಿಯೋದಲ್ಲಿ ಕೇಳಿಸೋದರ ಬಗ್ಗೆ ಇವತ್ತು ಮಾತಾಡ್ತೀನಿ. ಶುರು ಮಾಡೋಕ್ ಮುಂಚೆ ಒಂದು ಕೇಳ್ತೀನಿ, ಕಪಿಲೆ ಬಾವಿ ಹೊಡೆಯೋದನ್ನ ಕಣ್ಣಾರೆ ನೋಡಿರೋರು ಇಲ್ಲಿ ಯಾರಾದ್ರೂ ಇದೀರಾ? ಕೈ ಎತ್ತಿ. ಹಿಂದಿನ ಸಾಲಲ್ಲಿ ಇಬ್ರು, ಅಲ್ಲಿ ಅಮ್ಮ ಒಬ್ರು. ಅಷ್ಟೇ. ನಮ್ಮ ಕೋಲಾರದಲ್ಲಿ ವರ್ಷ ಪೂರ್ತಿ ಹರಿಯೋ ಹೊಳೆ ಒಂದೂ ಇಲ್ಲ, ಕೆರೆ ಬಿಟ್ರೆ ಬಾವಿ, ಬಾವಿಯಿಂದ ನೀರೆತ್ತೋಕೆ ಕಪಿಲೆ. ಎರಡು ಎತ್ತು ಇಳಿಜಾರಲ್ಲಿ ಕೆಳಗೆ ಇಳೀತಿದ್ವು, ಹೊಡೆಯೋನು ಹಗ್ಗದ ಮೇಲೆ ಕೂತ್ಕೊಳೋನು, ಚರ್ಮದ ಚೀಲ ತುಂಬ್ಕೊಂಡು ಮೇಲೆ ಬಂದು ತೊಟ್ಟಿಗೆ ದಬಕ್ ಅಂತ ನೀರು ಸುರೀತಿತ್ತು, ಆಮೇಲೆ ಎತ್ತುಗಳು ಹಿಂದಕ್ಕೆ ಹಿಂದಕ್ಕೆ ನಡ್ಕೊಂಡು ಮತ್ತೆ ಮೇಲಕ್ಕೆ. ಇಷ್ಟರ ಮಧ್ಯೆ ಆತ ಹಾಡೋನು, ಎತ್ತಿಗೆ ದಣಿವು ಗೊತ್ತಾಗ್ದೆ ಇರ್ಲಿ ಅಂತ.

1998ರಲ್ಲಿ ನಾನು ಒಂದು ಅರ್ಧ ಗಂಟೆ ರೂಪಕ ಮಾಡ್ದೆ, ಈಗ ಡಾಕ್ಯುಮೆಂಟರಿ ಅಂತೀವಲ್ಲ, ಆಗ ರೇಡಿಯೋದಲ್ಲಿ ಅದಕ್ಕೆ ರೂಪಕ ಅಂತಾನೇ ಹೆಸ್ರು, ವಿಷಯ ಬಾವಿಗಳು. ಮುಳಬಾಗಿಲು ಕಡೆ ಒಂದು ಹಳ್ಳಿಲಿ ಕಪಿಲೆ ಹೊಡೆದಿದ್ದ ತಾತ ಒಬ್ರು ಸಿಕ್ಕಿದ್ರು. ಕ್ಯಾಸೆಟ್ ರೆಕಾರ್ಡರ್ ಇಟ್ಕೊಂಡು ಎರಡು ದಿನ ಅವ್ರ ಜಗಲಿ ಮೇಲೆ ಕೂತೆ. ಅವ್ರ ಮಾತು ನಮ್ಮ ಗಡಿ ಮಾತು, ಅರ್ಧ ಕನ್ನಡ ಅರ್ಧ ತೆಲುಗು, ಒಂದೇ ವಾಕ್ಯದಲ್ಲಿ ಎರಡೂ ಬರ್ತವೆ, ನಿಮ್ಮನೇಲೂ ಹಂಗೇ ಅಲ್ವಾ? ಎತ್ತಿನ ಹತ್ರ ಮಾತ್ರ ಪೂರ್ತಿ ತೆಲುಗು. ಯಾಕ್ ತಾತ ಅಂದ್ರೆ ‘ಅವಕ್ಕೆ ಕನ್ನಡ ಬರಾಕಿಲ್ಲಪ್ಪ’ ಅಂದ್ರು, ಸೀರಿಯಸ್ಸಾಗೇ.

ಟೇಪ್ ತಗೊಂಡು ನಾನು ಕೆಲಸ ಮಾಡ್ತಿದ್ದ ಸ್ಟೇಷನ್ನಿಗೆ ಹೋದೆ. ಈ ಭಾಷೆ ಕೇಳುಗರಿಗೆ ಅರ್ಥ ಆಗಲ್ಲ, ಸ್ಕ್ರಿಪ್ಟ್ ಮಾಡಿ ಕಲಾವಿದರ ಕೈಲಿ ಓದಿಸು ಅಂದ್ರು. ನಾನೂ ಹೂಂ ಅಂದೆ, ನನಗೂ ಅದೇ ಸರಿ ಅನ್ನಿಸಿತ್ತು ಆಗ. ತಾತನ ದನಿ ಮೂರು ಸೆಕೆಂಡ್ ಬಂತು, ಆಮೇಲೆ ಫೇಡ್ ಆಗೋಯ್ತು, ಆಮೇಲೆ ಬೇರೆ ಯಾರೋ ಚೆನ್ನಾಗಿರೋ ದನಿ, ಅಚ್ಚುಕಟ್ಟು ಕನ್ನಡ. ಪ್ರಸಾರದ ದಿನ ನಾನು ಆ ಹಳ್ಳಿಗೇ ಹೋಗಿದ್ದೆ, ಬೀದಿ ಜನ ಎಲ್ಲಾ ತಾತನ ಮನೆ ಮುಂದೆ ಸೇರಿದ್ರು. ಮುಗೀತು. ತಾತ ಸುಮ್ನೆ ಕೂತಿದ್ರು, ಆಮೇಲೆ ನನ್ನ ಕಡೆ ತಿರುಗಿ ‘ಅದಿ ನಾ ಗೊಂತು ಕಾದಪ್ಪಾ’ ಅಂದ್ರು. ಅದು ನನ್ನ ಗಂಟಲಲ್ಲಪ್ಪ.

ಅಷ್ಟೇ ಅಂದಿದ್ದು. ಬೈಲಿಲ್ಲ, ಊಟಾನೂ ಹಾಕಿ ಕಳಿಸಿದ್ರು. ಇಷ್ಟು ವರ್ಷ ಆದ್ರೂ ಎಡಿಟ್ ಮಾಡೋಕ್ ಕೂತಾಗೆಲ್ಲ ಆ ಮಾತು ಕಿವೀಲಿ ಬರುತ್ತೆ.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. 1957ರ ಫೆಬ್ರವರಿಲಿ ಇಂಗ್ಲೆಂಡಲ್ಲಿ ಜಾನ್ ಆಕ್ಸನ್ ಅನ್ನೋ ರೈಲ್ವೆ ಡ್ರೈವರ್ ತೀರ್ಕೊಂಡ್ರು, ಇಂಜಿನ್ನಿನ ಸ್ಟೀಮ್ ಪೈಪ್ ಒಡೆದು ಬ್ರೇಕ್ ಕೆಲಸ ಮಾಡ್ತಿರ್ಲಿಲ್ಲ, ಆ ಮನುಷ್ಯ ಹಾರ್ಕೊಳ್ದೆ ಕೊನೇ ತನಕ ಇಂಜಿನ್ ಬಿಡ್ಲಿಲ್ಲ. ಬಿಬಿಸಿಯ ಚಾರ್ಲ್ಸ್ ಪಾರ್ಕರ್ ಮತ್ತೆ ಹಾಡುಗಾರ ಯೂವನ್ ಮೆಕಾಲ್ ಹೋಗಿ ಅವ್ರ ಜೊತೆ ಕೆಲಸ ಮಾಡ್ತಿದ್ದ ರೈಲ್ವೆಯವ್ರನ್ನ ಗಂಟೆಗಟ್ಟಲೆ ರೆಕಾರ್ಡ್ ಮಾಡ್ಕೊಂಡು ಬಂದ್ರು. ಅಲ್ಲೂ ಆಗ ಪದ್ಧತಿ ಅದೇ, ಅದನ್ನ ಸ್ಕ್ರಿಪ್ಟ್ ಮಾಡಿ ನಟರಿಂದ ಹೇಳಿಸೋದು. ಟೇಪ್ ಕೇಳ್ತಾ ಕೇಳ್ತಾ ಅವ್ರಿಗೆ ಅನ್ನಿಸ್ತು, ಈ ಮಾತನ್ನ ಯಾವ ನಟನೂ ಹೇಳಕ್ಕಾಗಲ್ಲ ಅಂತ. 1958ರ ಜುಲೈನಲ್ಲಿ ರೈಲ್ವೆಯವ್ರ ದನಿಯಲ್ಲೇ, ಮಧ್ಯೆ ಹಾಡು ಮಾತ್ರ ಸೇರಿಸಿ ಪ್ರಸಾರ ಮಾಡಿದ್ರು. ರೇಡಿಯೋ ಬ್ಯಾಲಡ್ ಅಂತ ಕರೆದ್ರು ಅದನ್ನ, 1964ರ ತನಕ ಒಟ್ಟು ಎಂಟು ಮಾಡಿದ್ರು. ಇದನ್ನ ನಾನು ಓದಿದ್ದು ತಾತನ ರೂಪಕ ಆದ್ಮೇಲೆ. ಮೊದಲೇ ಗೊತ್ತಿದ್ರೆ ಅವತ್ತು ಹೂಂ ಅಂತಿರ್ಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಇಲ್ವಾ, ಹೈದರಾಲಿ ಹುಟ್ಟಿದ ಊರು ಅಂತ ಬೋರ್ಡ್ ನೋಡಿರ್ತೀರ, ಅಲ್ಲಿ 2000ದ ದಶಕದ ಶುರುನಲ್ಲೇ ‘ನಮ್ಮ ಧ್ವನಿ’ ಅಂತ ಊರಿನ ಜನರೇ ನಡೆಸೋ ಸಮುದಾಯ ರೇಡಿಯೋ ಬಂತು. ಮೈರಾಡ, ವಾಯ್ಸಸ್ ಸಂಸ್ಥೆಗಳು, ಯುನೆಸ್ಕೋ ಸಹಾಯ. ರೇಡಿಯೋ ತರಂಗಗಳು ಸಾರ್ವಜನಿಕ ಆಸ್ತಿ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು, ಆದ್ರೂ ಸಂಘ ಸಂಸ್ಥೆಗಳಿಗೆ ರೇಡಿಯೋ ಲೈಸೆನ್ಸ್ ಕೊಡೋ ನಿಯಮ ಬಂದಿದ್ದು 2006ರ ಕೊನೇಲಿ. ಅಲ್ಲೀವರ್ಗೂ ಕಾಯ್ತಾ ಕೂರ್ಲಿಲ್ಲ ಇವ್ರು. ಮೊದಲು ಲೌಡ್ ಸ್ಪೀಕರಲ್ಲಿ ಕೇಳಿಸಿದ್ರು, ಆಮೇಲೆ ಕೇಬಲ್ ಟಿವಿ ವೈರಲ್ಲೇ ಆಡಿಯೋ ಬಿಟ್ರು ಮನೆ ಮನೆಗೆ. ಸ್ತ್ರೀಶಕ್ತಿ ಸಂಘದ ಥರದ ಗುಂಪುಗಳ ಹೆಂಗಸರು, ಹುಡುಗರು ಮೈಕ್ ಹಿಡಿದು ಕಾರ್ಯಕ್ರಮ ಮಾಡಿದ್ರು, ಅವ್ರ ಊರಿನ ಮಾತಲ್ಲೇ. ತುಮಕೂರಲ್ಲಿ ಈಗ ರೇಡಿಯೋ ಸಿದ್ಧಾರ್ಥ ಅನ್ನೋ ಸಮುದಾಯ ರೇಡಿಯೋ ಇದೆ. ಅಂದ್ರೆ ದಾರಿ ಇದೆ, ಮಾಡೋರು ಬೇಕು.

ಮಾಡೋಕೆ ಏನಿದೆ ಅಂತ ಕೇಳ್ಬೇಡಿ. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ತು, ಒಳಗೆ ಇಳಿದು ಕೆಲಸ ಮಾಡಿದೋರಿಗೆ ಈಗ ವಯಸ್ಸಾಗಿದೆ, ಅವ್ರು ತಮಿಳಲ್ಲಿ ತೆಲುಗಲ್ಲಿ ಹೇಳ್ತಾರೆ, ಆಳದಲ್ಲಿ ಬಂಡೆ ಸಿಡಿದ್ರೆ ಮೇಲೆ ಮನೇಲಿ ಪಾತ್ರೆ ಅಲ್ಲಾಡೋದು ಅಂತ ಹೇಳುವಾಗ ಅವ್ರ ದನಿ ಹೆಂಗೆ ಇಳಿಯುತ್ತೆ ಅನ್ನೋದು ಬರೆಯಕ್ಕಾಗಲ್ಲ. ಶಿರಾ ಕಡೆ ಕಾಡುಗೊಲ್ಲರು ಅವ್ರ ದೈವ ಜುಂಜಪ್ಪನ ಕಥೆಗೆ ಗಣೆ ಊದ್ತಾರೆ, ಉದ್ದನೆ ಬಿದಿರಿನ ಕೊಳಲು, ಊದೋ ಮುಂಚೆ ಉಸಿರು ತಗೊಳೋ ಸದ್ದು ಇದ್ಯಲ್ಲ, ದಯವಿಟ್ಟು ಅದನ್ನ ಕಟ್ ಮಾಡ್ಬೇಡಿ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ಕ್ಕೆ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯ್ತು. ಅವತ್ತು ಹತ್ತು ವರ್ಷ ಆಗಿದ್ದ ಮಗುಗೆ ಈಗ ನೂರರ ಹತ್ರ. ಲೆಕ್ಕ ನೀವೇ ಹಾಕಿ.

ಭಾಷೆ ಅರ್ಥ ಆಗಲ್ಲ ಅನ್ನೋ ಪ್ರಶ್ನೆ ಸುಳ್ಳಲ್ಲ, ಚಾಮರಾಜನಗರದಲ್ಲಿ ಕೂತು ಕೇಳೋರಿಗೆ ತಾತನ ತೆಲುಗು ಕಷ್ಟಾನೇ. ಆದ್ರೆ ಅದಕ್ಕೆ ದಾರಿ ಇದೆ. ಅವ್ರ ಒಂದು ಮಾತು ಪೂರ್ತಿ ಮುಗೀಲಿ, ಒಂದು ಉಸಿರು ಬಿಡಿ, ಆಮೇಲೆ ನೀವು ಎರಡೇ ಸಾಲಲ್ಲಿ ಕನ್ನಡದಲ್ಲಿ ಹೇಳಿ, ಮತ್ತೆ ಅವ್ರು. ಅವ್ರ ಮಾತಿನ ಮೇಲೆ ನಿಮ್ಮ ಮಾತು ಹತ್ತಿಸ್ಬೇಡಿ. ನಿಜ ಹೇಳ್ಬೇಕು ಅಂದ್ರೆ ಅರ್ಧ ಅರ್ಥ ಎಳೆಯೋ ದನಿಯಲ್ಲೇ ಬಂದ್ಬಿಡುತ್ತೆ, ಜನರನ್ನ ನಾವು ತುಂಬಾ ಕಮ್ಮಿ ಅಂದಾಜು ಮಾಡ್ತೀವಿ.

ರೆಕಾರ್ಡಿಂಗ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಮೊಬೈಲ್ ಸಾಕು, ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರ ಇಟ್ಕೊಳಿ, ಫ್ಯಾನು ಫ್ರಿಜ್ಜು ಆಫ್ ಮಾಡ್ಸಿ. ಮಾತು ಮುಗಿದ್ಮೇಲೆ ಎಲ್ರೂ ಸುಮ್ನಿದ್ದು ಒಂದು ನಿಮಿಷ ಬರೀ ಆ ಜಾಗದ ಸದ್ದು ಹಿಡ್ಕೊಳಿ, ಎಡಿಟಿಂಗಲ್ಲಿ ಜೋಡಿಸೋಕೆ ಅದೇ ಅಂಟು. ಪ್ರಶ್ನೆ ಕೇಳಿದ್ಮೇಲೆ ಬಾಯಿ ಮುಚ್ಕೊಂಡು ಕೂರಿ, ಅವ್ರು ನಿಲ್ಲಿಸಿದ್ರು ಅಂತ ಇನ್ನೊಂದು ಪ್ರಶ್ನೆ ಹಾಕ್ಬೇಡಿ, ಒಳ್ಳೇ ಮಾತು ಬರೋದು ಆ ಸುಮ್ನಿರೋ ಹೊತ್ತು ಆದ್ಮೇಲೇ. ಪ್ರಸಾರಕ್ಕೆ ಮುಂಚೆ ಅವ್ರ ಮುಂದೆ ಕೂತು ಅವ್ರಿಗೇ ಮೊದಲು ಕೇಳಿಸಿ. ಇದೊಂದನ್ನ ನಾನು ಆಮೇಲೆ ಯಾವತ್ತೂ ತಪ್ಪಿಸಿಲ್ಲ.

ಆ ಬಾವಿ ರೂಪಕಾನ ಈಗ ಮತ್ತೆ ಮಾಡ್ತಿದೀನಿ, ಬರೀ ಸದ್ದಿನ ಮೇಲೆ. ಕಪಿಲೆ ಗಾಲಿ ಕಿರ್ ಅನ್ನೋದು, ಆಮೇಲೆ ಪಂಪ್‌ಸೆಟ್ಟು, ಆಮೇಲೆ ರಾತ್ರಿ ಎಲ್ಲಾ ಬೋರ್‌ವೆಲ್ ಲಾರಿ ಕೊರೆಯೋ ಸದ್ದು, ನೀರು ಬರಲ್ಲ ಧೂಳು ಬರುತ್ತೆ, ಮನೆಯೋರು ಪಕ್ಕದಲ್ಲಿ ನಿಂತಿರ್ತಾರೆ ಮಾತಿಲ್ದೆ. ಆಮೇಲೆ 2018, ಕೆ.ಸಿ. ವ್ಯಾಲಿ ನೀರು, ಬೆಂಗಳೂರಿನ ಕೊಳಚೆ ಸಂಸ್ಕರಿಸಿ ನಮ್ಮ ಕೆರೆಗೆ ಬಿಟ್ಟಿದ್ದು. ಆ ನೀರಿನ ಬಗ್ಗೆ ಊರಲ್ಲಿ ಖುಷಿನೂ ಇದೆ ಅನುಮಾನನೂ ಇದೆ, ಎರಡೂ ದನಿ ಇರುತ್ತೆ. ನಡುವೆ ನಿರೂಪಕ ಅಂತ ಯಾರೂ ಇರಲ್ಲ.

ತಾತ ಈಗಿಲ್ಲ. ಕ್ಯಾಸೆಟ್ ಇದೆ, ಡಿಜಿಟಲ್ ಮಾಡ್ಸಿದೀನಿ, ಒಂದು ಸೆಕೆಂಡೂ ಕಟ್ ಮಾಡಿಲ್ಲ. ಮೂರು ನಿಮಿಷದ್ದು ಈಗ ಹಾಕ್ತೀನಿ. ಶುರುಗೆ ಸ್ವಲ್ಪ ಹೊತ್ತು ಏನೂ ಬರಲ್ಲ, ಕೆಟ್ಟೋಗಿದೆ ಅನ್ಕೋಬೇಡಿ, ಅವ್ರು ಎಲೆ ಅಡಿಕೆ ಅಗೀತಿದಾರೆ, ಆಮೇಲೆ ಹಾಡ್ತಾರೆ. ಯಾರಾದ್ರೂ ಆ ಫ್ಯಾನ್ ಆಫ್ ಮಾಡ್ತೀರಾ?